ಎರಡು ಪುಟಕ್ಕೇ ಸುಸ್ತು ಎಂದವರಿಗೆ

ಆತ್ಮೀಯರೇ,

ಹೊರದೇಶದಲ್ಲಿ ಕೆಲಸಕ್ಕೆ ಸೇರಿ ವರ್ಷಗಳಾದ ಮೇಲೆ ಕನ್ನಡ ಪುಸ್ತಕ ಹಿಡಿದರೆ ಎರಡು ಪುಟಕ್ಕೇ ಸುಸ್ತಾಗುತ್ತದೆ, ಮಾತಿನ ನಡುವೆ ಪದ ಸಿಗದೆ ತಡವರಿಸುತ್ತೇನೆ, ನನ್ನ ಭಾಷೆ ಹೋಗುತ್ತಿದೆಯೇ ಎಂದು ಕೇಳಿದ್ದೀರಿ. ಕನ್ನಡದಲ್ಲಿ ಕೇಳಿದರೆ ಐದು ವರ್ಷದ ಮಗಳು ಅಲ್ಲಿನ ಭಾಷೆಯಲ್ಲೇ ಉತ್ತರಿಸುತ್ತಾಳೆ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದೀರಿ.

ಮೊದಲು ನಿಮ್ಮ ವಿಷಯ. ದೊಡ್ಡವರಾದ ಮೇಲೆ ಹೊರಟವರ ತಾಯ್ನುಡಿ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ವಾಕ್ಯ ಕಟ್ಟುವ ರೀತಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಪದಗಳು ಬಾಯಿಗೆ ಬರುವುದು ತಡವಾಗುತ್ತದೆ, ಅಷ್ಟೆ. ಮನೆಯವರ ಜೊತೆ ದಿನಾ ಫೋನಿನಲ್ಲಿ ಮಾತಾಡುತ್ತೇನಲ್ಲ ಎಂದಿದ್ದೀರಿ. ಒಳ್ಳೆಯದೇ. ಆದರೆ ಊಟ ಆಯ್ತಾ, ಮೈ ಹುಷಾರಾ, ಯಾವಾಗ ಬರ್ತೀಯಾ ಎಂಬ ಮಾತಿಗೆ ಎಷ್ಟು ಪದ ಬೇಕು ಹೇಳಿ? ವಾದ ಮಾಡಲು, ಅನುಮಾನ ಹೇಳಲು, ಒಬ್ಬರ ಸ್ವಭಾವ ಬಣ್ಣಿಸಲು ಬೇಕಾದ ಪದಗಳು ಓದಿನಲ್ಲೇ ಜಾಸ್ತಿ ಸಿಗುವುದು. ದಪ್ಪ ಕಾದಂಬರಿಗೆ ಈಗಲೇ ಕೈ ಹಾಕಬೇಡಿ. ಹಿಂದೆ ಓದಿ ಮೆಚ್ಚಿದ ಸಣ್ಣ ಕತೆಯನ್ನೇ ಗಟ್ಟಿಯಾಗಿ ಓದಿ. ಕತೆ ಗೊತ್ತಿರುವುದರಿಂದ ಕಣ್ಣು ತಡೆಯದೆ ಮುಂದೆ ಹೋಗುತ್ತದೆ.

ಅಲ್ಲಿನ ಭಾಷೆಯ ಪುಸ್ತಕ ಖುಷಿ ಕೊಟ್ಟರೆ ತಪ್ಪು ಮಾಡಿದೆ ಅನಿಸುತ್ತದೆ ಎಂದೂ ಬರೆದಿದ್ದೀರಿ. ಹಾಗೆ ಅಂದುಕೊಳ್ಳಬೇಡಿ. 1960ರ ದಶಕದಿಂದ ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಕವಿತೆ ಬರೆದದ್ದು ಕನ್ನಡ, ಇಂಗ್ಲಿಷ್ ಎರಡರಲ್ಲೂ.

ನನಗೆ ಕಳವಳವಾದದ್ದು ಮಗಳ ಬಗ್ಗೆ ಬರೆದ ಆ ಒಂದು ಸಾಲಿಗೆ. ಮಕ್ಕಳ ವಿಷಯ ಬೇರೆ. ಮೂರರಿಂದ ಎಂಟು ವರ್ಷದ ನಡುವೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದ ಕೆಲವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಹಲವು ಭಾಷೆಗಳ ವಾಕ್ಯ ಕೇಳಿಸಿದಾಗ ಅದರಲ್ಲಿ ಕೊರಿಯನ್ ಯಾವುದು ಎಂದು ಗುರುತಿಸಲೂ ಅವರಿಗೆ ಆಗಲಿಲ್ಲ. ಅವರ ಕಿವಿಗೆ ಆ ಭಾಷೆ ಬೀಳುವುದೇ ನಿಂತುಹೋಗಿತ್ತು. ನಿಮ್ಮ ಮನೆಯಲ್ಲಿ ಹಾಗಾಗಿಲ್ಲ, ಮಗುವಿಗೆ ಎಲ್ಲವೂ ಅರ್ಥವಾಗುತ್ತಿದೆ. ಆದ್ದರಿಂದ ಅವಳು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ಗದರಬೇಡಿ. ನೀವು ಮಾತ್ರ ಕನ್ನಡ ಬಿಡಬೇಡಿ. ನಿಮಗಾಗಿ ಓದುವ ಹೊತ್ತಿನಲ್ಲೇ ಅವಳಿಗೂ ಓದಿ ಹೇಳಿ. ಕತೆ ನಡುವೆ ನಿಲ್ಲಿಸಿ ಮುಂದೇನಾಗಬಹುದು ಅಂತ ಕೇಳಿ. ಅಕ್ಷರ ಕಲಿಸಲು ರಜೆ ಬರಲಿ ಎಂದು ಕಾಯುವುದು ಬೇಡ. ಅವಳ ಹೆಸರಿನ ಅಕ್ಷರಗಳಿಂದ ಈ ವಾರವೇ ಶುರು ಮಾಡಿ. ಯಾವ ಕತೆಯನ್ನು ಮತ್ತೆ ಮತ್ತೆ ಕೇಳುತ್ತಾಳೆ ಎಂದು ನಮಗೂ ಬರೆಯಿರಿ.

– ಸಂಪಾದಕ