ಕರೆಂಟು ಫ್ರೀ ಇರುವಾಗ ದೊಡ್ಡ ಮೋಟರ್ ಇಳಿಸಿದರೆ ತಪ್ಪೇನು?

ಬೋರಿನಲ್ಲಿ ನೀರು ಕಡಿಮೆಯಾಗಿದೆ, 7.5 ಎಚ್‌ಪಿ ತೆಗೆದು 10 ಎಚ್‌ಪಿ ಇಳಿಸಲಾ, ಹೇಗೂ ರೈತರ ಪಂಪಿಗೆ ಹತ್ತು ಎಚ್‌ಪಿವರೆಗೆ ಬಿಲ್ಲಿಲ್ಲವಲ್ಲ ಅಂತ ಕೇಳಿದ್ದೀರಿ. ದಯವಿಟ್ಟು ಆತುರಪಡಬೇಡಿ. ನಮ್ಮದು ಶ್ರೀನಿವಾಸಪುರದ ಕಡೆ, ಟೊಮೆಟೊ, ಹಿಪ್ಪುನೇರಳೆ. ನಾನೂ ಇದನ್ನೇ ಮಾಡಿ ಒಂದೇ ಬೇಸಿಗೆಯಲ್ಲಿ ಎರಡು ಸಲ ಮೋಟರ್ ಸುಟ್ಟುಕೊಂಡೆ. ಬೋರಿನಲ್ಲಿ ಊರುವುದಕ್ಕಿಂತ ಜಾಸ್ತಿ ಎಳೆದರೆ ಪಂಪು ಗಾಳಿ ಎಳೆಯುತ್ತೆ. ಸುತ್ತ ನೀರು ಹರಿಯದಿದ್ದರೆ ಮೋಟರ್ ತಣ್ಣಗಾಗಲ್ಲ, ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಟ್ಟು ಹೋಗುತ್ತೆ.

ಮೊದಲು 200 ಲೀಟರ್ ಡ್ರಮ್ ಒಂದನ್ನು ಪೈಪಿನ ಬಾಯಿಗಿಟ್ಟು ಮೊಬೈಲಲ್ಲಿ ಟೈಮ್ ನೋಡಿ. ಮೋಟರ್ ಹಾಕಿದ ತಕ್ಷಣ ಒಂದು ಸಲ, ಒಂದು ಗಂಟೆ ಓಡಿದ ಮೇಲೆ ಇನ್ನೊಂದು ಸಲ. ನನ್ನ ಬೋರಿನಲ್ಲಿ ಮೊದಲು 3 ನಿಮಿಷಕ್ಕೆ ತುಂಬಿದ್ದು ಆಮೇಲೆ 5 ನಿಮಿಷ ತಗೊಂಡಿತು, ನಡುನಡುವೆ ಬುಸ್ ಅಂತ ಗಾಳಿ ಬೇರೆ. ಅಂದರೆ ಕೊರತೆ ಇದ್ದಿದ್ದು ನೀರಿಗೆ, ಮೋಟರ್ ಶಕ್ತಿಗಲ್ಲ. ಅದೇ ಆಳಕ್ಕೆ ಕಡಿಮೆ ನೀರು ಎತ್ತುವ ಪಂಪು ಇಳಿಸಿದೆ. ಈಗ ಒಂದೇ ಸಮ ಬರುತ್ತೆ, ಕೃಷಿ ಹೊಂಡಕ್ಕೆ ಬಿಟ್ಟುಕೊಂಡು ಅಲ್ಲಿಂದ ಸಣ್ಣ ಮೋಟರಲ್ಲಿ ಡ್ರಿಪ್ಪಿಗೆ ಕೊಡ್ತೀನಿ.

ಶುರುವಿನಿಂದಲೇ ನಿಧಾನವಾಗಿದ್ದು, ಗಾಳಿಯೂ ಬರದಿದ್ದರೆ ಕಥೆ ಬೇರೆ. ನೀರಿನ ಮಟ್ಟ ಇಳಿದಿರಬಹುದು, ಮರಳಿಗೆ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ತೇದಿರಬಹುದು, ಇಲ್ಲವೇ ಒಳಗೆ ಪೈಪು ತೂತಾಗಿ ಎತ್ತಿದ ನೀರು ವಾಪಸ್ ಬೋರಿಗೇ ಬೀಳುತ್ತಿರಬಹುದು. ಪಂಪು ಎತ್ತಿಸಿ ನೋಡದೆ ಹೊಸದು ಕೊಳ್ಳಬೇಡಿ.

ಫ್ರೀ ಕರೆಂಟು ಉಳಿಸಿ ಏನು ಲಾಭ ಅಂದಿರಿ. ಸಾವಿರ ಅಡಿ ಕೆಳಗಿಂದ 1,000 ಲೀಟರ್ ಎತ್ತಲು ಸಾಧಾರಣ ಪಂಪಿಗೆ ಸುಮಾರು 2 ಯೂನಿಟ್ ಬೇಕು. ನಮ್ಮ ಕೋಲಾರದಲ್ಲಿ ಅದಕ್ಕಿಂತ ಆಳದ ಬೋರುಗಳೇ ಎಷ್ಟೋ. ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿರುವವರೆಲ್ಲ ಎಚ್‌ಪಿ ಏರಿಸಿದರೆ ವೋಲ್ಟೇಜ್ ಬೀಳುತ್ತೆ, ಒಂದು ದಿನ ಟಿಸಿಯೇ ಸುಡುತ್ತೆ. ಕಾಯಿ ಕಟ್ಟುವ ಹೊತ್ತಲ್ಲಿ ನಾಲ್ಕು ದಿನ ನೀರಿಲ್ಲದೆ ಟೊಮೆಟೊ ಬಾಡುವುದನ್ನು ನೋಡಿದವರಿಗೆ ಅದರ ಸಂಕಟ ಗೊತ್ತು.

ಡ್ರಿಪ್ ಫಿಲ್ಟರ್ ಕೂಡ ಬಿಚ್ಚಿ ನೋಡಿ. ಸಾಲಿನ ಕೊನೆಯ ಗಿಡ ಸೊರಗಿದೆ ಅಂತ ನಾನು ದಿನಾ ಒಂದು ಗಂಟೆ ಹೆಚ್ಚು ಮೋಟರ್ ಓಡಿಸಿದೆ. ಬಿಚ್ಚಿದರೆ ಜಾಲರಿ ತುಂಬ ಕೆಂಪು ಮಣ್ಣು, ಲೋಳೆ. ಹಳೇ ಬ್ರಷ್ಷಲ್ಲಿ ಉಜ್ಜಿ ತೊಳೆದ ದಿನವೇ ಕೊನೆಯ ಗಿಡಕ್ಕೂ ಹನಿ ಬಿತ್ತು.

ಡ್ರಮ್ಮಿನ ಎರಡೂ ಲೆಕ್ಕ, ಬೋರಿನ ಆಳ, ಪಂಪು ಎಷ್ಟು ಸ್ಟೇಜಿನದು (ಒಳಗೆ ಎಷ್ಟು ಇಂಪೆಲ್ಲರ್ ಇವೆ) ಅಂತ ಬರೆದು ಹಾಕಿ. ನೋಡಿ ಹೇಳ್ತೀನಿ.