ಧ್ವನಿ ಪ್ರಶ್ನೋತ್ತರ: ಡ್ಯಾಕ್‌ಗೆ ಎಷ್ಟು, ಸ್ಪೀಕರ್‌ಗೆ ಎಷ್ಟು?

ಪ್ರಶ್ನೆ: ಕರ್ನಾಟಕ ಸಂಗೀತ ಕೇಳುವುದಕ್ಕೆಂದೇ 12 ಅಡಿ ಉದ್ದ, 10 ಅಡಿ ಅಗಲದ ಕೋಣೆ ಬಿಟ್ಟುಕೊಂಡಿದ್ದೇನೆ. 40,000 ರೂಪಾಯಿ ಎತ್ತಿಟ್ಟಿದ್ದೇನೆ. 32 ಬಿಟ್, 768 ಕಿಲೋಹರ್ಟ್ಜ್‌ನ ಡ್ಯಾಕ್‌ಗೆ ಅರ್ಧ ಹಣ ಹಾಕಿ, ಬುನಾದಿ ಗಟ್ಟಿಯಿರಲಿ ಎನ್ನುತ್ತಾರೆ ಅಂಗಡಿಯವರು. ಹಾಗೆ ಮಾಡಲೇ? (ಮೈಸೂರು)

ಉತ್ತರ: ಬೇಡ. ಬುನಾದಿ ಗಟ್ಟಿಯಿರಬೇಕು ಎಂಬ ಮಾತು ಸರಿ, ಆದರೆ ಮನೆಯ ಸಂಗೀತಕ್ಕೆ ಬುನಾದಿ ಸ್ಪೀಕರ್ ಮತ್ತು ಕೋಣೆ. ಅಂಕಿಗಳಾಗಿರುವ ಸಂಗೀತವನ್ನು ವಿದ್ಯುತ್ ಅಲೆಯಾಗಿ ತಿರುಗಿಸುವುದಷ್ಟೇ ಡ್ಯಾಕ್‌ನ ಕೆಲಸ. ಫೋನಿಗೆ ಸಿಕ್ಕಿಸುವ ಬೆರಳುದ್ದದ ಒಳ್ಳೆಯ ಯುಎಸ್‌ಬಿ ಡ್ಯಾಕ್ ಕೂಡ ಈ ಕೆಲಸದಲ್ಲಿ ಶೇಕಡಾ 0.01ರಷ್ಟೂ ತಪ್ಪುವುದಿಲ್ಲ. ಸ್ಪೀಕರ್ ಹಾಗಲ್ಲ. ಕೆಳಗಿನ ಸ್ವರಗಳನ್ನು ಸ್ವಲ್ಪ ಜೋರಾಗಿ ನುಡಿಸಿದರೆ ಒಳ್ಳೆಯ ಸ್ಪೀಕರ್‌ನಲ್ಲೂ ತಪ್ಪು ಶೇಕಡಾ 1 ದಾಟುತ್ತದೆ. ತಪ್ಪು ಹೆಚ್ಚಿರುವ ಕಡೆಗೆ ಹಣ ಹೋಗಬೇಕು.

ಸಿಡಿಯ ಲೆಕ್ಕ ನೋಡಿ: 16 ಬಿಟ್, 44.1 ಕಿಲೋಹರ್ಟ್ಜ್. ಇದು 22 ಸಾವಿರ ಹರ್ಟ್ಜ್‌ವರೆಗಿನ ಸ್ವರವನ್ನೂ ಸುಮಾರು 96 ಡೆಸಿಬೆಲ್‌ನಷ್ಟು ಏರಿಳಿತವನ್ನೂ ಹಿಡಿದಿಡುತ್ತದೆ. ಎಳೆಯ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಸಾವಿರ ಹರ್ಟ್ಜ್‌. ನಡುವಯಸ್ಸು ದಾಟಿದರೆ 15 ಸಾವಿರದ ಮೇಲಿನದು ಬಹುಪಾಲು ಹೋಗಿರುತ್ತದೆ. ಫ್ಯಾನ್ ತಿರುಗುವ ಕೋಣೆಯಲ್ಲಿ 40 ಡೆಸಿಬೆಲ್‌ನಷ್ಟು ಸದ್ದು ಮೊದಲೇ ಇರುತ್ತದೆ. 768 ಎಂಬ ಅಂಕಿ ಇದಕ್ಕೆ ಏನನ್ನೂ ಸೇರಿಸುವುದಿಲ್ಲ. 24 ಬಿಟ್ ನಿಜವಾಗಿ ಉಪಯೋಗಕ್ಕೆ ಬರುವುದು ರೆಕಾರ್ಡ್ ಮಾಡುವಾಗ, ಮತ್ತು ವಾಲ್ಯೂಮನ್ನು ಕಂಪ್ಯೂಟರ್‌ನಲ್ಲೇ ತಗ್ಗಿಸುವವರಿಗೆ.

ಹಣವನ್ನು ಹೀಗೆ ಹಂಚಿ: ಸ್ಪೀಕರ್ ಜೋಡಿಗೆ 22ರಿಂದ 25 ಸಾವಿರ, ಆಂಪ್ಲಿಫೈಯರ್‌ಗೆ 10 ಸಾವಿರದ ಒಳಗೆ, ಡ್ಯಾಕ್‌ಗೆ 2–3 ಸಾವಿರ. ಉಳಿದದ್ದು ಸ್ಟ್ಯಾಂಡ್, ವೈರ್, ಪರದೆಗೆ. ಮಂದ್ರಕ್ಕೆಂದೇ ಇರುವ ಸಬ್‌ವೂಫರ್ ಸದ್ಯಕ್ಕೆ ಬೇಡ. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಜ್, ತಂಬೂರಿಯ ಮಂದ್ರ ತಂತಿ ಅದರ ಅರ್ಧ, ಅಂದರೆ 69. ಐದೂವರೆ ಅಥವಾ ಆರೂವರೆ ಇಂಚಿನ ವೂಫರ್ (ಕೆಳಗಿನ ಸ್ವರ ನುಡಿಸುವ ಭಾಗ) ಇರುವ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ 60 ಹರ್ಟ್ಜ್‌ವರೆಗೆ ಇಳಿಯುತ್ತದೆ. ನಿಮ್ಮ ಸಂಗೀತಕ್ಕೆ ಅದು ಸಾಕು. ವೈರ್‌ಗೆ ದುಬಾರಿ ಹೆಸರು ಬೇಡ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಹತ್ತು ಮೀಟರ್ ಎಳೆದರೂ ಹೋಗಿಬರುವ ದಾರಿಯ ತಡೆ ಕಾಲು ಓಮ್ ದಾಟದು.

ಇನ್ನು ಕೋಣೆ. 12 ಅಡಿಯ ಉದ್ದ 47 ಹರ್ಟ್ಜ್‌ನಲ್ಲೂ 10 ಅಡಿಯ ಅಗಲ 56 ಹರ್ಟ್ಜ್‌ನಲ್ಲೂ ಮೊರೆಯುತ್ತವೆ. ಇವುಗಳ ಎರಡು ಪಟ್ಟು, 94 ಮತ್ತು 112, ಮೃದಂಗದ ಎಡಭಾಗ ನುಡಿಯುವ ಆಸುಪಾಸಿಗೇ ಬರುತ್ತವೆ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಎಡಗೈಯ ಪೆಟ್ಟುಗಳೆಲ್ಲ ಒಂದೇ ‘ಗುಂ’ ಆಗಿಬಿಡುವುದು ಇದರಿಂದಲೇ. ಸ್ಪೀಕರ್‌ಗಳನ್ನು 10 ಅಡಿಯ ಗೋಡೆಯ ಕಡೆಗಿಡಿ. ಅವುಗಳ ಬೆನ್ನಿಗೂ ಗೋಡೆಗೂ ಒಂದೂವರೆ ಅಡಿ ಬಿಡಿ. ಒಂದರಿಂದ ಒಂದಕ್ಕೆ 6 ಅಡಿ. ನಿಮ್ಮ ಕುರ್ಚಿ ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದಿರಲಿ. ಆಗ ಎರಡು ಸ್ಪೀಕರ್, ನೀವು, ಮೂವರೂ ಸಮಬಾಹು ತ್ರಿಕೋನದ ಮೂಲೆಗಳಲ್ಲಿರುತ್ತೀರಿ. ಟ್ವೀಟರ್ (ಮೇಲಿನ ಸ್ವರ ನುಡಿಸುವ ಸಣ್ಣ ಭಾಗ) ಕಿವಿಯ ಎತ್ತರಕ್ಕಿರಬೇಕು. ಕೋಣೆಯ ನಟ್ಟನಡುವೆ ಕೂತರೆ ಮಂದ್ರ ಕಾಣೆಯಾಗುತ್ತದೆ, ಗೋಡೆಗೆ ಒರಗಿ ಕೂತರೆ ಮಂದ್ರವೇ ಮೈಮೇಲೆ ಬರುತ್ತದೆ.

ಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಹಿಂದೆಯೇ ‘ಟಿರ್‌ರ್’ ಎಂಬ ಸದ್ದು ಬಂದರೆ ಎದುರುಬದುರು ಗೋಡೆಗಳು ಬರಿದಾಗಿವೆ ಎಂದರ್ಥ. ಒಂದು ಗೋಡೆಗೆ ದಪ್ಪ ಪರದೆ, ಇನ್ನೊಂದಕ್ಕೆ ತುಂಬಿದ ಪುಸ್ತಕದ ಕಪಾಟು, ನೆಲಕ್ಕೆ ಜಮಖಾನ ಹಾಕಿ. ತೆಳು ಜಮಖಾನ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ. ಕೆಳಗಿನವಕ್ಕೆ ಮೂಲೆಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ ಹತ್ತಿ ಹಾಸಿಗೆ ಅದಕ್ಕಿಂತ ಮೇಲು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಬೇಡಿ. ಮಂದ್ರಕ್ಕೆ ಅದರಿಂದ ಏನೂ ಆಗದು, ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ.

ಪ್ರಶ್ನೆ: ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದು ಡ್ಯಾಕ್‌ಗೆ ಕೊಟ್ಟಿದ್ದೇನೆ. ಒಮ್ಮೊಮ್ಮೆ ಶಬ್ದವೇ ಇಲ್ಲ, ಒಮ್ಮೊಮ್ಮೆ ಚರ್ರೆಂಬ ಗದ್ದಲ. (ಬೆಂಗಳೂರು)

ಉತ್ತರ: ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ‘ಆಟೋ’ ಅಥವಾ ‘ಬಿಟ್‌ಸ್ಟ್ರೀಮ್’ ಎಂದಿರುತ್ತದೆ, ಅದನ್ನು ‘ಪಿಸಿಎಂ’ ಮಾಡಿ. ‘ಬಿಟ್‌ಸ್ಟ್ರೀಮ್’ನಲ್ಲಿ ಧ್ವನಿ ಡಾಲ್ಬಿ ವಿಧಾನದಲ್ಲಿ ಕುಗ್ಗಿಸಿ ಕಟ್ಟಿ ಬರುತ್ತದೆ, ಆ ಕಟ್ಟನ್ನು ಬಿಚ್ಚುವುದು ಸಾಧಾರಣ ಸ್ಟೀರಿಯೊ ಡ್ಯಾಕ್‌ಗೆ ಗೊತ್ತಿಲ್ಲ. ಎಲ್ಲ ಚಾನೆಲ್‌ನಲ್ಲೂ ಶಬ್ದವಿಲ್ಲದಿದ್ದರೆ ಕೇಬಲ್ ತುದಿಯ ಸಣ್ಣ ಪ್ಲಾಸ್ಟಿಕ್ ಟೋಪಿ ತೆಗೆದಿದ್ದೀರಾ ನೋಡಿ. ಆಪ್ಟಿಕಲ್‌ನಲ್ಲಿ ಟಿವಿ ರಿಮೋಟ್‌ನ ವಾಲ್ಯೂಮ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಅದು ದೋಷವಲ್ಲ.

ಪ್ರಶ್ನೆ: ಸಣ್ಣ ಕ್ಲಾಸ್-ಡಿ ಆಂಪ್ಲಿಫೈಯರ್ ಕೊಂಡೆ. ಡಬ್ಬದ ಮೇಲೆ ‘100 ವ್ಯಾಟ್ + 100 ವ್ಯಾಟ್’ ಎಂದಿದೆ. ಜೊತೆಗೆ 19 ವೋಲ್ಟ್, 3.4 ಆಂಪಿಯರ್ ಅಡಾಪ್ಟರ್ ಬಂದಿದೆ. ಸ್ವಲ್ಪ ಜೋರು ಮಾಡಿದರೆ ಹಾಡು ಒಡೆಯುತ್ತದೆ. ಸ್ಪೀಕರ್ 8 ಓಮ್. (ಹುಬ್ಬಳ್ಳಿ)

ಉತ್ತರ: ಡಬ್ಬದ ಅಂಕಿಯನ್ನು ಬಿಟ್ಟು ಅಡಾಪ್ಟರ್‌ನ ಅಂಕಿ ಓದಿ. ಈ ಬಗೆಯ ಆಂಪ್‌ಗಳಲ್ಲಿ ಒಂದು ಚಾನೆಲ್‌ಗೆ (ಎಡ ಅಥವಾ ಬಲ) ಸಿಗುವ ಗರಿಷ್ಠ ವ್ಯಾಟ್ ಹೀಗೆ: ವೋಲ್ಟನ್ನು ವೋಲ್ಟ್‌ನಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 19ನ್ನು 19ರಿಂದ ಗುಣಿಸಿದರೆ 361. ಅದನ್ನು 16ರಿಂದ ಭಾಗಿಸಿದರೆ 22.5 ವ್ಯಾಟ್. ಅದಕ್ಕಿಂತ ಹೆಚ್ಚು ಬರುವುದು ಸಾಧ್ಯವೇ ಇಲ್ಲ. 24 ವೋಲ್ಟ್ ಕೊಟ್ಟರೆ 36, 32 ವೋಲ್ಟ್ ಕೊಟ್ಟರೆ 64. ಇನ್ನೊಂದು ಮಿತಿ ಅಡಾಪ್ಟರ್‌ನದು: 19ನ್ನು 3.4ರಿಂದ ಗುಣಿಸಿದರೆ ಸುಮಾರು 65 ವ್ಯಾಟ್, ಎರಡೂ ಚಾನೆಲ್ ಸೇರಿ.

ಆದರೂ ಹೊಸ ಅಡಾಪ್ಟರ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಸಾಧಾರಣ ಕೋಣೆಗೆ 22 ವ್ಯಾಟ್ ಕಡಿಮೆಯೇನಲ್ಲ. 85 ಡೆಸಿಬೆಲ್ ಸೆನ್ಸಿಟಿವಿಟಿಯ (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುವ) ಸ್ಪೀಕರ್ 20 ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 98 ಡೆಸಿಬೆಲ್ ಕೊಡುತ್ತದೆ. ಫೋನಿನ ಈಕ್ವಲೈಜರ್, ‘ಬಾಸ್ ಬೂಸ್ಟ್’ ಎಲ್ಲ ಪೂರ್ತಿ ಆಫ್ ಮಾಡಿ ಅದೇ ಹಾಡು ಹಾಕಿ. ಬಾಸನ್ನು 6 ಡೆಸಿಬೆಲ್ ಏರಿಸಿದರೆ ಆಂಪ್ ಅಲ್ಲಿ ನಾಲ್ಕು ಪಟ್ಟು ಶಕ್ತಿ ಕೊಡಬೇಕಾಗುತ್ತದೆ. ನಿಮ್ಮ 22 ವ್ಯಾಟ್ ಐದೂವರೆಗೆ ಇಳಿದಂತೆ. ಕಡಿಮೆ ವಾಲ್ಯೂಮ್‌ನಲ್ಲೂ ಒಡೆಯುತ್ತಿದ್ದರೆ ತಪ್ಪು ಆಂಪ್‌ನದಲ್ಲ, ಈಕ್ವಲೈಜರ್ ಅಂಕಿಗಳನ್ನೇ ಮಿತಿ ಮೀರಿಸುತ್ತಿದೆ. ಈಕ್ವಲೈಜರ್ ಬೇಕೇ ಬೇಕೆಂದರೆ ಅದರಲ್ಲಿರುವ ‘ಪ್ರೀಆಂಪ್’ ಎಂಬ ಒಟ್ಟು ಮಟ್ಟವನ್ನು, ಏರಿಸಿದ ಗರಿಷ್ಠ ಅಂಕಿಯಷ್ಟೇ ಕೆಳಗಿಳಿಸಿ.

ಇವೆಲ್ಲ ಆದಮೇಲೂ ಸಾಲದಿದ್ದರೆ 24 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಹಾಕಬಹುದು. ಆಂಪ್‌ನ ಬೆನ್ನಿನಲ್ಲಿ ಬರೆದಿರುವ ಗರಿಷ್ಠ ವೋಲ್ಟನ್ನು ಮಾತ್ರ ಎಂದೂ ದಾಟಬೇಡಿ. ಒಡೆದ ಧ್ವನಿಯಲ್ಲೇ ಜೋರಾಗಿ ಕೇಳುತ್ತ ಹೋದರೆ ಮೊದಲು ಸುಡುವುದು ಟ್ವೀಟರ್.

ಪ್ರಶ್ನೆ: ಹಳೆಯ ಡ್ಯಾಕ್ ಒಂದು ಮಾರಾಟಕ್ಕಿದೆ. ಎಂಕ್ಯೂಎ (ಸಂಗೀತವನ್ನು ಸಣ್ಣ ಫೈಲಿಗೆ ಮಡಚುವ ಒಂದು ವಿಧಾನ) ಇದೆ ಎಂದು ಹೆಚ್ಚು ಬೆಲೆ ಕೇಳುತ್ತಿದ್ದಾರೆ. (ಮಂಗಳೂರು)

ಉತ್ತರ: ಅದಕ್ಕೆಂದು ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಆ ವಿಧಾನದ ಕಂಪನಿ 2023ರಲ್ಲಿ ಆರ್ಥಿಕ ತೊಂದರೆಯಿಂದ ಆಡಳಿತಗಾರರ ಕೈಗೆ ಹೋಯಿತು. ಅದನ್ನು ಬಳಸುತ್ತಿದ್ದ ದೊಡ್ಡ ಆನ್‌ಲೈನ್ ಸಂಗೀತ ಸೇವೆ ಟೈಡಲ್ ಕೂಡ 2024ರಲ್ಲಿ ಫ್ಲ್ಯಾಕ್‌ಗೆ (ಏನೂ ಕಳೆಯದೆ ಕುಗ್ಗಿಸುವ ಫೈಲ್ ಬಗೆ) ಬದಲಾಯಿತು.

ಪ್ರಶ್ನೆ: ಲ್ಯಾಪ್‌ಟಾಪ್‌ನಿಂದ ಡ್ಯಾಕ್, ಡ್ಯಾಕ್‌ನಿಂದ ಆಂಪ್. ಚಾರ್ಜರ್ ಹಾಕಿದ ತಕ್ಷಣ ಸ್ಪೀಕರ್‌ನಲ್ಲಿ ‘ಗುಂಯ್’ ಎನ್ನುತ್ತದೆ. ಮೂರನೇ ಪಿನ್ ಮುರಿದರೆ ನಿಲ್ಲುತ್ತದೆ ಎಂದು ಒಬ್ಬರು ಹೇಳಿದರು. (ದಾವಣಗೆರೆ)

ಉತ್ತರ: ಖಂಡಿತ ಮುರಿಯಬೇಡಿ. ಆ ಪಿನ್ ಅರ್ಥಿಂಗ್‌ನದು. ಆಂಪ್‌ನೊಳಗೆ ವೈರ್ ಬಿಚ್ಚಿ ಲೋಹದ ಪೆಟ್ಟಿಗೆಗೆ ತಾಗಿದರೆ ನಿಮ್ಮ ಜೀವ ಉಳಿಸುವುದು ಅದೊಂದೇ.

ಲ್ಯಾಪ್‌ಟಾಪ್ ಒಂದು ದಾರಿಯಲ್ಲಿ, ಆಂಪ್ ಇನ್ನೊಂದು ದಾರಿಯಲ್ಲಿ ಅರ್ಥ್‌ಗೆ ಸೇರಿರುತ್ತವೆ. ಆಡಿಯೊ ಕೇಬಲ್ ಆ ಎರಡನ್ನೂ ಬೆಸೆದು ಉಂಗುರ ಮಾಡುತ್ತದೆ. ಕರೆಂಟಿನ 50 ಹರ್ಟ್ಜ್ ಆ ಉಂಗುರದಲ್ಲಿ ಹರಿದು ಸ್ಪೀಕರ್‌ಗೆ ಬರುತ್ತದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಎಷ್ಟೋ ಮನೆಗಳಲ್ಲಿ ಇಲ್ಲಿಗೇ ಮುಗಿಯುತ್ತದೆ. ಆಂಪ್‌ಗೆ ಸೆಟ್‌ಟಾಪ್ ಬಾಕ್ಸ್ ಕೂಡ ಸೇರಿದ್ದರೆ ಅದರ ಕೇಬಲ್ ಕಳಚಿ ನೋಡಿ. ಡಿಶ್‌ನಿಂದ ಬರುವ ತಂತಿಯೂ ಅರ್ಥ್‌ಗೆ ಇನ್ನೊಂದು ದಾರಿ. ಆಮೇಲೂ ಉಳಿದರೆ ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಬದಲು ಆಪ್ಟಿಕಲ್‌ನಲ್ಲಿ ಹೋಗಿ. ಅದರಲ್ಲಿ ಬೆಳಕು ಮಾತ್ರ ಹರಿಯುವುದರಿಂದ ಉಂಗುರ ತುಂಡಾಗುತ್ತದೆ. ಆಪ್ಟಿಕಲ್ ಇಲ್ಲದ ಲ್ಯಾಪ್‌ಟಾಪ್ ಆದರೆ ಡ್ಯಾಕ್‌ಗೂ ಆಂಪ್‌ಗೂ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ತೀರ ಅಗ್ಗದ್ದು ಮಂದ್ರವನ್ನು ತಿನ್ನುತ್ತದೆ.

ಪ್ರಶ್ನೆ: ರಾಗ–ತಾನ–ಪಲ್ಲವಿಯ ಸಿಡಿಯನ್ನು ಎಂಪಿ3 ಮಾಡಿಕೊಂಡೆ. ತಾನದಿಂದ ಪಲ್ಲವಿಗೆ ಹೋಗುವಾಗ ಕತ್ತರಿಸಿದಂತೆ ಅರೆಕ್ಷಣ ಮೌನ. ಜೊತೆಗೆ ಪ್ಲೇಯರ್‌ನಲ್ಲಿ ಕನ್ನಡ ಹೆಸರುಗಳು ಚೌಕಗಳಾಗಿ ಕಾಣುತ್ತವೆ. (ದುಬೈ)

ಉತ್ತರ: ಎಂಪಿ3 ಮಾಡುವಾಗ ಪ್ರತಿ ಫೈಲಿನ ತಲೆಗೂ ಬಾಲಕ್ಕೂ ಒಂದಿಷ್ಟು ಖಾಲಿ ಸೇರುತ್ತದೆ. ಸಿಡಿಯನ್ನು ಮತ್ತೆ ಫ್ಲ್ಯಾಕ್‌ಗೆ ಇಳಿಸಿ. ಅದರಲ್ಲಿ ಈ ಖಾಲಿ ಇಲ್ಲ, ಸಂಗೀತದ ಒಂದಂಕಿಯೂ ಕಳೆಯುವುದಿಲ್ಲ, ಒಂದು ಸಿಡಿಗೆ 300–350 ಎಂಬಿ ಸಾಕು. ಪ್ಲೇಯರ್‌ನಲ್ಲಿ ‘ಗ್ಯಾಪ್‌ಲೆಸ್’ ಆನ್ ಮಾಡಿ, ‘ಕ್ರಾಸ್‌ಫೇಡ್’ ಆಫ್ ಮಾಡಿ. ಎಂಪಿ3ಯನ್ನೇ ಫ್ಲ್ಯಾಕ್‌ಗೆ ತಿರುಗಿಸಿದರೆ ಹೋದದ್ದು ಮರಳಿ ಬಾರದು, ಸಿಡಿಯೇ ಬೇಕು.

ಚೌಕಗಳಿಗೆ ಎರಡು ಕಾರಣ. ಪ್ಲೇಯರ್‌ನಲ್ಲಿ ಕನ್ನಡ ಅಕ್ಷರವಿನ್ಯಾಸವೇ ಇಲ್ಲದಿದ್ದರೆ ನಾವು ಮಾಡುವಂಥದ್ದೇನಿಲ್ಲ. ಕೊಳ್ಳುವ ಮೊದಲು ‘ಕೃತಿ’, ‘ಸ್ವರ’ ಎಂಬ ಹೆಸರಿನ ಫೈಲುಗಳನ್ನು ಒಯ್ದು ವಟ್ರಸುಳಿ, ಒತ್ತಕ್ಷರ ಸರಿಯಾಗಿ ಕೂರುತ್ತವೆಯೇ ನೋಡುವುದು ಒಳ್ಳೆಯದು. ಫೋನಿನಲ್ಲಿ ಸರಿಯಿದ್ದು ಪ್ಲೇಯರ್‌ನಲ್ಲಿ ಮಾತ್ರ ಕೆಡುವುದಾದರೆ ಎಂಪಿ3 ಟ್ಯಾಗ್‌ನ ಆವೃತ್ತಿಯನ್ನು 2.4ರಿಂದ 2.3ಕ್ಕೆ ಬದಲಿಸಿ ನೋಡಿ. ಫ್ಲ್ಯಾಕ್‌ನ ಟ್ಯಾಗ್ ಯಾವಾಗಲೂ ಯೂನಿಕೋಡ್. ಅದರಲ್ಲಿ ನಿಮಗೆ ಬೇಕಾದ ಖಾನೆ ನೀವೇ ಸೇರಿಸಬಹುದು: ರಾಗಕ್ಕೊಂದು, ತಾಳಕ್ಕೊಂದು, ಪಕ್ಕವಾದ್ಯದವರಿಗೊಂದು. ಖಾನೆಯ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಬೇಕು, ಒಳಗಿನದು ಕನ್ನಡದಲ್ಲೇ ಇರಲಿ. ಕಲಾವಿದರ ಹೆಸರೊಂದನ್ನೇ ನೆಚ್ಚಿದ ಪಟ್ಟಿಯಲ್ಲಿ ನೂರು ಸಿಡಿ ಸೇರಿದ ಮೇಲೆ ಬೇಕಾದ ಕಲ್ಯಾಣಿ ಕೈಗೆ ಸಿಗುವುದಿಲ್ಲ.

ಪ್ರಶ್ನೆ: ಬ್ಲೂಟೂತ್‌ನಲ್ಲಿ ಕೇಳಿದರೆ ಎಷ್ಟು ನಷ್ಟ? (ಬೆಳಗಾವಿ)

ಉತ್ತರ: ಸಿಡಿಯಿಂದ ಸೆಕೆಂಡಿಗೆ 1411 ಕಿಲೋಬಿಟ್ ಹರಿಯುತ್ತದೆ. ಬ್ಲೂಟೂತ್ ಸಂಗೀತವನ್ನು ಕುಗ್ಗಿಸಿ ಕಳಿಸುವ ಬಗೆಗಳಲ್ಲಿ ಎಸ್‌ಬಿಸಿ ಸಾಮಾನ್ಯವಾಗಿ 328ರ ಒಳಗೆ, ಎಲ್‌ಡ್ಯಾಕ್ ಹೆಚ್ಚೆಂದರೆ 990, ನಡುವೆ ಗೋಡೆ ಬಂದರೆ 330ಕ್ಕೂ ಇಳಿಯುತ್ತದೆ. ಐಫೋನ್‌ನಲ್ಲಿ ಎಲ್‌ಡ್ಯಾಕ್ ಇಲ್ಲ. ಕೆಲಸ ಮಾಡುತ್ತ ಕೇಳುವುದಕ್ಕೆ ಧಾರಾಳವಾಗಿ ಸಾಕು. ಕೂತು ಕೇಳುವುದಕ್ಕೆ ವೈರ್ ಅಥವಾ ವೈಫೈ.

ಪ್ರಶ್ನೆ: ತಾಳಮದ್ದಳೆಯ 30 ಕ್ಯಾಸೆಟ್‌ಗಳಿವೆ, ಮನೆಯಲ್ಲೇ ಮಾಡಿದ ರೆಕಾರ್ಡಿಂಗ್. ಕೆಲವಕ್ಕೆ ಮಳೆಗಾಲದ ಬೂಷ್ಟು ಹಿಡಿದಿದೆ. ಕಂಪ್ಯೂಟರ್‌ಗೆ ಇಳಿಸುವುದು ಹೇಗೆ? (ಸಾಗರ)

ಉತ್ತರ: ಇವುಗಳಿಗೆ ಬೇರೆ ಪ್ರತಿ ಇಲ್ಲದಿರಬಹುದು, ಅವಸರ ಬೇಡ. ಮೊದಲು ಪ್ರತಿ ಕ್ಯಾಸೆಟ್‌ನ ಬೆನ್ನಿನ ಎರಡು ಸಣ್ಣ ಪ್ಲಾಸ್ಟಿಕ್ ತುಂಡು ಮುರಿಯಿರಿ, ತಪ್ಪಿಯೂ ಮೇಲೆ ರೆಕಾರ್ಡ್ ಆಗದು. ಕ್ಯಾಸೆಟ್‌ನ ಪಾರದರ್ಶಕ ಕಿಟಕಿಯಿಂದ ನೋಡಿ ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆ ಇರುವವನ್ನು ಬೇರೆ ಚೀಲಕ್ಕೆ ಹಾಕಿ, ಸಿಲಿಕಾ ಜೆಲ್ ಜೊತೆ ಕೆಲವು ದಿನ ಒಣಗಲಿ. ನಂತರ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಐದು ಸ್ಕ್ರೂ ಬಿಚ್ಚಿ ಸುರುಳಿಯ ಮೇಲಿನ ಬೂಷ್ಟನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿ. ಬೆಸುಗೆ ಹಾಕಿದ ಕ್ಯಾಸೆಟ್ ಆದರೆ ಅಂಚು ಜಾಗರೂಕತೆಯಿಂದ ಬಿಡಿಸಿ ಸುರುಳಿಯನ್ನು ಸ್ಕ್ರೂ ಇರುವ ಖಾಲಿ ಚಿಪ್ಪಿಗೆ ವರ್ಗಾಯಿಸಬೇಕು. ಟೇಪ್‌ನ ಹಿಂದೆ ಫೆಲ್ಟ್ ಅಂಟಿಸಿದ ಸಣ್ಣ ಪಟ್ಟಿ ಕಳಚಿದ್ದರೂ ಇದೇ ಉಪಾಯ. ಅದಿಲ್ಲದೆ ಧ್ವನಿ ಕಂಬಳಿ ಹೊದೆದಂತೆ ಬರುತ್ತದೆ.

ಪ್ರತಿ ಕ್ಯಾಸೆಟನ್ನೂ ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಅಂಟಿದ ಸುತ್ತುಗಳು ಬಿಡುತ್ತವೆ. ಕ್ಯಾಸೆಟ್ ಡೆಕ್‌ನಲ್ಲಿ ಟೇಪ್ ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಬೂಷ್ಟಿನ ಕ್ಯಾಸೆಟ್ ಆದರೆ ಪ್ರತಿಯೊಂದರ ನಂತರವೂ. ಡಾಲ್ಬಿ (ಇಲ್ಲಿ, ಟೇಪ್‌ನ ‘ಸ್ಸ್’ ಶಬ್ದ ತಗ್ಗಿಸುವ ವ್ಯವಸ್ಥೆ) ಹಾಕಿ ರೆಕಾರ್ಡ್ ಮಾಡಿದ್ದೆಂದು ಖಚಿತವಿಲ್ಲದಿದ್ದರೆ ಡಾಲ್ಬಿ ಆಫ್ ಇರಲಿ.

ಇನ್ನು ಬಹಳ ಜನ ಬಿಟ್ಟುಬಿಡುವ ಹಂತ. ಹೆಡ್‌ನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಇರುತ್ತದೆ. ಅದು ಹೆಡ್‌ನ ಓರೆಯನ್ನು ತಿದ್ದುತ್ತದೆ. ಬೇರೆ ಡೆಕ್‌ನಲ್ಲಿ ರೆಕಾರ್ಡ್ ಆದ ಕ್ಯಾಸೆಟ್‌ಗೆ ನಿಮ್ಮ ಹೆಡ್‌ನ ಓರೆ ಹೊಂದಿರುವುದಿಲ್ಲ, ತಾಳದ ನಾದವೂ ಅರ್ಥಧಾರಿಯ ‘ಸ’, ‘ಶ’ಗಳೂ ಮಸುಕಾಗುತ್ತವೆ. ಎರಡೂ ಚಾನೆಲ್ ಒಂದಾಗಿಸಿ ಕೇಳುತ್ತ, ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಅತ್ತಿತ್ತ ತಿರುಗಿಸಿ ತಾಳ ಅತ್ಯಂತ ಸ್ಪಷ್ಟವಾಗುವಲ್ಲಿ ನಿಲ್ಲಿಸಿ. ಇಲ್ಲಿ ತಪ್ಪಿದ್ದನ್ನು ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ಸರಿ ಮಾಡದು.

ಡೆಕ್‌ನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್‌ನ ಲೈನ್ ಇನ್‌ಗೆ ಕೇಬಲ್ ಕೊಡಿ. ಲ್ಯಾಪ್‌ಟಾಪ್‌ನ ಮೈಕ್ ತೂತು ಈ ಕೆಲಸಕ್ಕಲ್ಲ. ಉಚಿತವಾದ ಅಡಾಸಿಟಿಯಲ್ಲಿ 24 ಬಿಟ್, 48 ಕಿಲೋಹರ್ಟ್ಜ್ ಇಟ್ಟು, ಚಂಡೆಯ ಅತಿ ಜೋರಿನ ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಹೊಂದಿಸಿ. 60 ನಿಮಿಷಕ್ಕೆ ಸುಮಾರು 1 ಜಿಬಿ. ಕ್ಯಾಸೆಟ್ ಓಡುವಷ್ಟೇ ಹೊತ್ತು ಬೇಕು. ಎಲ್ಲವೂ 60 ನಿಮಿಷದವಾದರೆ ಒಟ್ಟು 30 ಗಂಟೆ.

‘ಸ್ಸ್’ ಶಬ್ದ ತೆಗೆಯುವಾಗ 6 ಡೆಸಿಬೆಲ್‌ಗೆ ನಿಲ್ಲಿಸಿ. 12, 18 ಎಂದು ಏರಿಸಿದರೆ ಮಾತು ನೀರೊಳಗಿಂದ ಬಂದಂತಾಗುತ್ತದೆ, ಚಂಡೆಯ ಮೊನೆ ಹೋಗುತ್ತದೆ. ತೊಳೆಯದ ಮೂಲ ಫೈಲನ್ನು ಫ್ಲ್ಯಾಕ್ ಮಾಡಿ ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿಡಿ, ಅವುಗಳಲ್ಲಿ ಒಂದು ನಿಮ್ಮ ಮನೆಯಿಂದ ಹೊರಗಿರಲಿ. ಫೈಲಿನ ಹೆಸರಿನಲ್ಲಿ ಪ್ರಸಂಗ, ಊರು, ವರ್ಷದ ಜೊತೆ ಭಾಗವತರು ಮತ್ತು ಅರ್ಥಧಾರಿಗಳ ಹೆಸರನ್ನೂ ಈಗಲೇ ಬರೆಯಿರಿ. ಧ್ವನಿ ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ ಇಳಿಸುವಾಗ ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಇಳಿಸಿ ಆಯಿತೆಂದು ಕ್ಯಾಸೆಟ್ ಎಸೆಯಬೇಡಿ. ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ನೆಟ್ಟಗೆ ನಿಲ್ಲಿಸಿ, ಸ್ಪೀಕರ್‌ನಿಂದ ದೂರ ಇಡಿ. ಸ್ಪೀಕರ್‌ನ ಆಯಸ್ಕಾಂತ ಟೇಪ್‌ನಲ್ಲಿರುವುದನ್ನು ಅಳಿಸಬಲ್ಲದು.