ಅರ್ಧ ದಿನದ ಕೂಲಿ

ಶಿಡ್ಲಘಟ್ಟದಿಂದ ಈ ಅಂಕಣಕ್ಕೆ ಬಂದ ಒಂದು ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬರೆದವರಿಗೆ 31 ವರ್ಷ. ಎಂಬಿಎ ಓದಿ, ಬೆಂಗಳೂರಲ್ಲಿ ಐದು ವರ್ಷ ದುಡಿದು, ಬಿಸಿನೀರಿನ ಬೇಸಿನ್‌ನಲ್ಲಿ ಗೂಡು ಹಾಕಿ ನೂಲು ತೆಗೆಯುವ ಅಪ್ಪನ ರೇಷ್ಮೆ ರೀಲಿಂಗ್ ಯೂನಿಟ್ ನೋಡಿಕೊಳ್ಳಲು ಊರಿಗೆ ಬಂದಿದ್ದಾರೆ. ಬಂದವರೇ ಹಾಜರಿಗೆ ಆ್ಯಪ್ ತಂದರು. ಕೂಲಿಯನ್ನು ಬ್ಯಾಂಕ್ ಖಾತೆಗೆ ಹಾಕತೊಡಗಿದರು. ಕ್ಯಾಮೆರಾ ಕೂರಿಸಿದರು. ಐದು ತಿಂಗಳಲ್ಲಿ 32 ಜನರಲ್ಲಿ 14 ಜನ ಬಿಟ್ಟುಹೋದರು. ಕೆಲವರು ಗಾರ್ಮೆಂಟ್ಸ್ ಬಸ್ಸು ಹತ್ತಿದರು. "ಸಾಲ ಮಾಡಿ ಆಟೋಮ್ಯಾಟಿಕ್ ಮೆಷಿನ್ ಹಾಕಲೋ, ಇಲ್ಲ ಬೀಗದ ಕೈ ಅಪ್ಪನಿಗೇ ವಾಪಸ್ ಕೊಡಲೋ?" ಅಂತ ಕೇಳಿದ್ದಾರೆ.

ಎರಡು ಪುಟದ ಪತ್ರದಲ್ಲಿ ಒಂದು ಪುಟ ಬರೀ ಮೆಷಿನ್ ಬಗ್ಗೆ. ನಡುವೆ ಒಂದೇ ಒಂದು ಸಾಲು ಹೀಗಿದೆ: "ಬೇಸಿನ್ ಮೇಲೆ 19 ವರ್ಷದಿಂದ ಇದ್ದ ಅಕ್ಕ ಒಬ್ಬರು ಅರ್ಧ ದಿನದ ಕೂಲಿ ಕಟ್ ಆಗಿದೆ ಅಂತ ಕೇಳೋಕೆ ಬಂದಿದ್ದರು. ಆ್ಯಪ್‌ನಲ್ಲೇ ಹಾಕಿ ಅಂದೆ. ಮುಂದಿನ ವಾರದಿಂದ ಬರಲಿಲ್ಲ."

ಉಳಿದ 13 ಜನ ಹೊರಟಿದ್ದು ಆಮೇಲೆಯೇ ಅಲ್ವಾ? ಯಾವ ತಿಂಗಳು ಎಷ್ಟು ಜನ ಹೋದರು ಅಂತ ನೀವೇ ಬರೆದಿದ್ದೀರಿ. ಈ ಸಾಲಿನ ಜೊತೆ ಇಟ್ಟು ಓದಿಲ್ಲ, ಅಷ್ಟೇ.

ನನ್ನಮ್ಮನೂ ಬೇಸಿನ್ ಮುಂದೆ ಕೂತವಳು. ದಿನವಿಡೀ ಬಿಸಿನೀರಲ್ಲಿ ಕೈಯಾಡಿಸಿ ಬೆರಳಿನ ಚರ್ಮ ಬೆಳ್ಳಗಾಗಿ ಸುಲಿಯುತ್ತಿತ್ತು. ರಾತ್ರಿ ಮುದ್ದೆ ಮುರಿಯಲಾಗದೆ ಚಮಚದಲ್ಲಿ ಉಣ್ಣುತ್ತಿದ್ದಳು. ಒಂದು ಸಲ ಕೂಲಿ ಲೆಕ್ಕ ತಪ್ಪಾಗಿತ್ತು. ಯಜಮಾನರನ್ನು ಕೇಳಲು ಹೋಗುವ ಮೊದಲು ಮೂರು ದಿನ ಮನೆಯಲ್ಲಿ ಆ ಮಾತನ್ನು ಹೇಳಿ ಹೇಳಿ ಅಭ್ಯಾಸ ಮಾಡಿದ್ದಳು. ನಿಮ್ಮ ಹತ್ತಿರ ಬಂದ ಆ ಅಕ್ಕನೂ ಎಷ್ಟು ದಿನ ಯೋಚಿಸಿ ಬಂದಿರಬಹುದು! ಅವರಿಗೆ ನೀವು ಫೋನ್ ತೋರಿಸಿದಿರಿ.

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. ಲೆಕ್ಕ ಕೇಳಲು ಬಂದವರನ್ನು ಮೊದಲು ಕೂರಿಸಬೇಕು. ನಿಮ್ಮ ಪಕ್ಕದ ಕೋಲಾರ ಜಿಲ್ಲೆಯಲ್ಲೇ, ಆಪಲ್ ಕಂಪನಿಗೆ ಐಫೋನ್ ಮಾಡಿಕೊಡುತ್ತಿದ್ದ ನರಸಾಪುರದ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಏನಾಯಿತು ನೆನಪಿದೆಯಾ? ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ಹಾಗೆ ಒಡೆದದ್ದು ಸರಿ ಅನ್ನುತ್ತಿಲ್ಲ. ಆದರೆ ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಟ್ಟಿರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್ ಸಂಬಳ ಕೆಲವರಿಗೆ ತಡವಾಯಿತು ಅಂತ ಆಪಲ್ ಕಂಪನಿಯೇ ಆಮೇಲೆ ಹೇಳಿತು. ಅಷ್ಟು ದೊಡ್ಡ ಕಡೆಯೇ ಹಾಜರಿ ಲೆಕ್ಕ ತಪ್ಪಿತು. ನಿಮ್ಮ ಆ್ಯಪ್ ತಪ್ಪಲಾರದು ಅಂತ ಯಾವ ಧೈರ್ಯದಲ್ಲಿ ನಂಬಿದಿರಿ?

ನೀವು ಮಾಡಿದ್ದೆಲ್ಲ ತಪ್ಪು ಅಂದುಕೊಳ್ಳಬೇಡಿ. ಕೂಲಿ ಖಾತೆಗೆ ಹೋಗುವುದು ತುಂಬ ಒಳ್ಳೆಯದು, ಅದನ್ನು ಯಾರು ಹೇಳಿದರೂ ನಿಲ್ಲಿಸಬೇಡಿ. ಅಮ್ಮನ ಶನಿವಾರದ ಬಟವಾಡೆ ಮನೆಗೆ ಬರುವಷ್ಟರಲ್ಲಿ ಅರ್ಧ ಆಗಿರುತ್ತಿತ್ತು. ದಾರಿಯಲ್ಲಿ ಅಪ್ಪ ಕಾಯುತ್ತಿದ್ದ.

ಮೆಷಿನ್ ವಿಷಯ. ಅದಕ್ಕೆ ಒಂದೇ ಸಮನಾದ, ಒಳ್ಳೆಯ ದ್ವಿತಳಿ ಗೂಡು, ಅಂದರೆ ಉದ್ದ ಎಳೆಯ ಬಿಳಿ ಗೂಡು ಬೇಕು. ನೀವು ಕೊಳ್ಳುವುದು ಬಹುಪಾಲು ಮಿಶ್ರತಳಿಯ ಹಳದಿ ಗೂಡು ಅಂತ ನೀವೇ ಬರೆದಿದ್ದೀರಿ. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಹೋಗುತ್ತದೆ. ಗೂಡು ಕಡಿಮೆ ಬೆಂದರೆ ಎಳೆ ಬಿಡುವುದಿಲ್ಲ, ಜಾಸ್ತಿ ಬೆಂದರೆ ವೇಸ್ಟ್ ಹೆಚ್ಚು. ಆ ಹದ ಗೊತ್ತಿದ್ದ ಕೈಯೇ ನಿಮ್ಮಲ್ಲಿಂದ ಎದ್ದುಹೋಗಿದೆ. ಮೆಷಿನ್ ಸಾಲ ಈಗ ಬೇಡ.

ನನಗೆ ನಿಜಕ್ಕೂ ಸಿಟ್ಟಿರುವುದು ನಿಮ್ಮ ತಂದೆಯ ಮೇಲೆ. ದಿನಾ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಹೋಗುವವರೆಲ್ಲ ಅವರ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾರೆ ಅಂದಿರಿ. ಹಾಗಾದರೆ ಅರ್ಧ ದಿನದ ಕೂಲಿ ವಿಷಯ ಅವರಿಗೆ ಗೊತ್ತಿತ್ತು. ಮಗನನ್ನು ಕರೆದು ಹೇಳಲಿಲ್ಲ. 14 ಜನ ಹೋದ ಮೇಲೆ "ನಾನು ಮೊದಲೇ ಹೇಳಿದ್ದೆ" ಅಂದರು. ಬೀಗದ ಕೈ ಕೊಟ್ಟರು, ಜನರ ಪರಿಚಯ ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡರು. ಅವರಿಗೆ ಬೀಗದ ಕೈ ವಾಪಸ್ ಕೊಡಬೇಡಿ.

ನೀವು ಮಾಡಬೇಕಾದ್ದು ಒಂದೇ ಕೆಲಸ. ಈ ಭಾನುವಾರ ಆ ಅಕ್ಕನ ಮನೆಗೆ ಹೋಗಿ. ಒಬ್ಬರೇ ಹೋಗಿ, ಅಪ್ಪನನ್ನೂ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಬೇಡಿ. ಕಟ್ ಆದ ದುಡ್ಡು ಹೋಗುವ ಮೊದಲೇ ಅವರ ಖಾತೆಯಲ್ಲಿರಲಿ. "ಆ ದಿನ ಎಷ್ಟು ಗಂಟೆಗೆ ಬಂದಿದ್ರಿ ಅಕ್ಕ?" ಅಂತ ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ವಾಪಸ್ ಬನ್ನಿ ಅಂತ ಅವತ್ತು ಕರೆಯಬೇಡಿ. ಟೀ ಕೊಟ್ಟರೆ ಕುಡಿದು ಬನ್ನಿ.